ಪಂಖಾದ ಬಲಗಡೆ

ಮೌನೇಶಪ್ಪನವರ ಮನೆಯಲ್ಲಿ ನೀರು ಕುಡಿಯಬೇಕಾದರೂ ಆ ಮನೆಯ ಎಡ ಬಲ ಗೊತ್ತಿರಬೇಕಾಗಿತ್ತು. ನಾನು ಮೊದಲ ಸಲ ಹೋದ ದಿನ ಅವರು, "ಕಪಾಟಿನ ಬಲಕ್ಕ ತಂಬಗಿ ಐತಿ, ತಗೋರಿ ಮಾಸ್ತರ" ಎಂದರು. ನಾನು ಕಪಾಟಿನ ಮುಂದೆ ನಿಂತು ಬಲಗೈ ಚಾಚಿದೆ. ಕೈಗೆ ಹತ್ತಿದ್ದು ಗ್ರೀಸಿನ ಡಬ್ಬಿ.

"ಅದು ನಿಮ್ಮ ಬಲ ಆತು" ಎಂದರು ಹಿಂದಿನಿಂದ. "ನಾ ಹೇಳಿದ್ದು ಕಪಾಟಿಂದು."

ಕಪಾಟು ನನ್ನ ಕಡೆ ಮುಖ ಮಾಡಿ ನಿಂತಿದೆ. ಆದ್ದರಿಂದ ಅದರ ಬಲಗೈ ನನ್ನ ಎಡಗೈಗೆ ಎದುರಾಗಿ ಬರುತ್ತದೆ. ಅವರ ಲೆಕ್ಕ ಇಷ್ಟೇ. ಬಾಗಿಲಿಗೆ, ಗಡಿಯಾರಕ್ಕೆ, ಒಲೆಗೆ, ಅಡುಗೆಮನೆಯ ಗೋಡೆಯಲ್ಲಿದ್ದ ಮಾಡಕ್ಕೆ, ಎಲ್ಲಕ್ಕೂ ಅದರದೇ ಒಂದು ಬಲ ಇರುತ್ತಿತ್ತು. ನೋಡುವವನ ಬಲ ಆ ಮನೆಯಲ್ಲಿ ನಡೆಯುತ್ತಿರಲಿಲ್ಲ. ಬೇರೆ ಊರುಗಳಿಂದ ಬಂದ ಸೊಸೆಯಂದಿರು ಮೊದಮೊದಲು ಸಕ್ಕರೆ ಎಂದು ಉಪ್ಪಿನ ಡಬ್ಬಿಗೆ ಕೈ ಹಾಕುತ್ತಿದ್ದರಂತೆ. "ನಮ್ಮ ಮನಿಗೆ ಹೊಸಾ ಸೊಸಿ ಬಂದಾಳೋ ಇಲ್ಲೋ ಅಂತ ಯಾರನ್ನೂ ಕೇಳಬೇಕಾಗಿಲ್ರಿ, ಚಹಾ ಕುಡದ್ರ ತಿಳೀತೈತಿ" ಎಂದು ಅವರೇ ಹೇಳಿ ನಗುತ್ತಿದ್ದರು. ನಕ್ಕಾಗ ಅವರ ದೊಡ್ಡ ಮೀಸೆಯ ಒಂದು ತುದಿ ಮಾತ್ರ ಮೇಲೇಳುತ್ತಿತ್ತು. ಇನ್ನೊಂದು ತುದಿ ಯಾವಾಗಲೋ ಭಟ್ಟಿಯ ಕಿಡಿಗೆ ಸುಟ್ಟು ಮತ್ತೆ ಸರಿಯಾಗಿ ಬೆಳೆದಿರಲಿಲ್ಲ.

ಅವರ ಹಿರಿಯರು ಕಂಚುಗಾರರು. ದೇವರ ಮೂರ್ತಿ, ಮುಖವಾಡ, ಗಂಟೆಗಳನ್ನು ಎರಕ ಹೊಯ್ಯುತ್ತಿದ್ದರು. ಎಡ ಬಲದ ಈ ಮಾತು ಅಲ್ಲಿಂದ ಬಂದದ್ದು. "ವೀರಭದ್ರನ್ನ ಮಾಡೂವಾಗ ಖಡ್ಗ ಅವನ ಬಲಗೈಯಾಗ ಕೊಡಬೇಕು. ಎದುರಿಗೆ ಕುಂತಂವ ತನ್ನ ಬಲಕ್ಕ ಕೊಟ್ಟನೋ, ಎಡಚ ವೀರಭದ್ರ ಆದ. ಹಂಗಂತ ನಮ್ಮ ಅಜ್ಜ ಎಲ್ಲಾದಕ್ಕೂ ಅದರದ ಬಲ ಹೇಳಾಕ ಕಲಿಸಿದ. ಬಾಯಿಗೆ ರೂಢಿ ಆದ್ರ ಕೈ ತಪ್ಪೂದಿಲ್ಲ ಅಂತ." ಸಂಸ್ಥಾನದ ಕಾಲದಲ್ಲಿ ಯಾರೋ ಸರದಾರರ ಮೋಟಾರು ದೋಣಿಯ ಪಂಖಾ ಮುರಿಯಿತು. ದೋಣಿಯ ಹಿಂಭಾಗದಲ್ಲಿ ನೀರಿನೊಳಗೆ ತಿರುಗಿ ಅದನ್ನು ಮುಂದಕ್ಕೆ ತಳ್ಳುವ ಹಿತ್ತಾಳೆಯ ರೆಕ್ಕೆಗಳಿಗೆ ನಮ್ಮ ಕಡೆ ಎಲ್ಲರೂ ಪಂಖಾ ಎನ್ನುತ್ತಿದ್ದರು. ಆ ಅಜ್ಜ ಮುರಿದ ತುಂಡುಗಳನ್ನು ಜೋಡಿಸಿ ನೋಡಿ ಹೊಸದೊಂದನ್ನು ಎರಕ ಹೊಯ್ದ. ಅದು ಮೊದಲಿನದಕ್ಕಿಂತ ಚೆನ್ನಾಗಿ ಓಡಿತು. ಆ ಮಾತು ಘಟ್ಟ ಇಳಿದು ಕೊಂಕಣದವರೆಗೆ ಹೋಯಿತು.

ನಾನು ಅವರನ್ನು ಕಂಡಾಗ ಅದು ಮೂರನೆಯ ತಲೆಮಾರಿನ ಕಾರ್ಖಾನೆ. ರಬಕವಿಯಿಂದ ಬನಹಟ್ಟಿಗೆ ಹೋಗುವ ರಸ್ತೆಯ ಮೇಲೆ, ಮಗ್ಗಗಳ ಸದ್ದಿನ ನಡುವೆ, ಹಂಚಿನ ಮಾಡಿನ ಉದ್ದನೆಯ ಕಟ್ಟಡ. ಪಂಖಾ, ಅದನ್ನು ತಿರುಗಿಸುವ ಉಕ್ಕಿನ ಶಾಫ್ಟು, ಇಂಜಿನ್ನಿಗೂ ಶಾಫ್ಟಿಗೂ ನಡುವೆ ಕೂಡುವ ಗೇರಿನ ಪೆಟ್ಟಿಗೆ, ಈ ಮೂರೂ ಅಲ್ಲಿ ಆಗುತ್ತಿದ್ದವು. ಜೋಳದ ಕಣಿಕೆಯಲ್ಲಿ ಸುತ್ತಿ, ಬಂಡಿಯಲ್ಲಿ ಹೇರಿ ಕುಡಚಿ ಸ್ಟೇಷನ್ನಿಗೆ ಕಳಿಸುತ್ತಿದ್ದರು. ಅಲ್ಲಿಂದ ರತ್ನಾಗಿರಿಗೋ ವೆಂಗುರ್ಲಾಕ್ಕೋ ಹೋಗುತ್ತಿದ್ದವು. ಮುಂಬಯಿಯಲ್ಲಿ ಇಬ್ಬರು ಭಾಗೀದಾರರಿದ್ದರು. ಆದರೆ ಊಟದ ಹೊತ್ತಿಗೆ ಮನೆಯ ಪಡಸಾಲೆಯಲ್ಲಿ ಆಡಿದ ಮಾತೇ ಕಾರ್ಖಾನೆಯ ಕಾಯಿದೆ.

ನಾನು ಆಗ ಜಮಖಂಡಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಇನ್ನೂ ಬಹಳ ದಿನವಾಗಿರಲಿಲ್ಲ. ಹೊಸ ಗಿರಾಕಿಗಳು ಕಾಗದದ ಮೇಲೆ ನಕಾಶೆ ಕೇಳತೊಡಗಿದ್ದರಿಂದ ಶನಿವಾರ ಸಾಲೆ ಬಿಟ್ಟ ಮೇಲೆ ಬಸ್ಸು ಹಿಡಿದು ಹೋಗಿ ಬರೆದುಕೊಡುತ್ತಿದ್ದೆ. ಮೌನೇಶಪ್ಪನವರು ನನ್ನ ನಕಾಶೆಯನ್ನು ಯಾವಾಗಲೂ ಮೇಜಿನ ಆಚೆ ಬದಿಯಿಂದ, ತಲೆಕೆಳಗಾಗಿ ನೋಡುತ್ತಿದ್ದರು.

"ಈ ಕಡೆ ಬಂದು ನೋಡ್ರಿ" ಎಂದರೆ, "ಬ್ಯಾಡ್ರಿ. ಅಲ್ಲಿ ನೀವು ನಿಂತೀರಿ. ಇಬ್ಬರೂ ಒಂದ ಕಡೆ ನಿಂತ್ರ ಇಬ್ಬರಿಗೂ ಒಂದ ತಪ್ಪು ಕಾಣೂದಿಲ್ಲ" ಎನ್ನುತ್ತಿದ್ದರು.

ಒಮ್ಮೆ ನಾನು ಕೇಳಿದ್ದೆ: "ಸಮುದ್ರ ನೋಡೀರೇನ್ರಿ?"

"ಇಲ್ರಿ. ಯಾಕ ನೋಡಬೇಕು?"

"ನೀವು ಮಾಡಿದ್ದು ಅಲ್ಲೇ ಅಲ್ಲ ಓಡೂದು?"

"ಹೆಣ್ಣು ಕೊಟ್ಟ ಮನಿಗೆ ಮ್ಯಾಲಿಂದ ಮ್ಯಾಲೆ ಹೋಗಬಾರದ್ರಿ ಮಾಸ್ತರ. ಏನರ ಬ್ಯಾನಿ ಇದ್ರ ಅವ ಹೇಳಿ ಕಳಸತಾವು."

ಕಾರ್ಖಾನೆಯ ಗೋಡೆಯ ಮೇಲೆ ಪಂಖಾಗಳ ಕಟ್ಟಿಗೆಯ ಅಚ್ಚುಗಳನ್ನು ತೂಗುಹಾಕಿದ್ದರು. ಅರಿಶಿನದ ಚುಕ್ಕೆ ಇದ್ದದ್ದು ಬಲ, ಕುಂಕುಮದ ಚುಕ್ಕೆ ಇದ್ದದ್ದು ಎಡ. ಇಲ್ಲಿ ಒಂದು ಮಾತನ್ನು ನಾನು ನಿಧಾನವಾಗಿ ಹೇಳಬೇಕು, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ಕೊಂಕಣದವರು, ಮುಂಬಯಿಯವರು ದೋಣಿಯ ಹಿಂದೆ ನಿಂತು ನೋಡುತ್ತಾರೆ. ದೋಣಿ ಮುಂದೆ ಹೋಗುವಾಗ ಪಂಖಾ ಗಡಿಯಾರದ ಮುಳ್ಳಿನ ಹಾಗೆ ನೋಡುವವನ ಬಲಕ್ಕೆ ತಿರುಗಿದರೆ ಅದು ಬಲ ಪಂಖಾ. ಮೌನೇಶಪ್ಪನವರ ಮನೆಯಲ್ಲಿ ಹಾಗಲ್ಲ. ಪಂಖಾ ನನ್ನ ಕಡೆ ಮುಖ ಮಾಡಿದೆ, ಅದರ ಬಲ ಬೇರೆ. ಆದ್ದರಿಂದ ಲೋಕದ ಬಲ ಪಂಖಾ ಆ ಕಾರ್ಖಾನೆಯಲ್ಲಿ ಎಡ ಪಂಖಾ, ಕುಂಕುಮದ್ದು.

ಇದರಿಂದ ಅಲ್ಲಿಯವರೆಗೆ ಯಾರಿಗೂ ತೊಂದರೆ ಆಗಿರಲಿಲ್ಲ. ಯಾಕೆಂದರೆ ಹೊರಗಿನಿಂದ ಬಂದ ಮಾತು ಯಾವಾಗಲೂ ಮೌನೇಶಪ್ಪನವರ ಮೂಲಕವೇ ಅಚ್ಚಿನ ಮೇಸ್ತ್ರಿಗೆ ಹೋಗುತ್ತಿತ್ತು. ಅವರು ಕಣ್ಣು ಮುಚ್ಚಿ ಎರಡೂ ಅಂಗೈಗಳನ್ನು ಎದೆಯ ಮುಂದೆ ತಂದು, ಒಂದನ್ನು ಹೊರಳಿಸಿ, ಆಮೇಲೆ "ಎಡ" ಎಂದೋ "ಬಲ" ಎಂದೋ ಹೇಳುತ್ತಿದ್ದರು. ನೋಡುವವರಿಗೆ ದೇವರ ಧ್ಯಾನ ಮಾಡಿದ ಹಾಗೆ ಕಾಣುತ್ತಿತ್ತು. ದೇವರ ತಲೆಯ ಹೂವು ಬಲಕ್ಕೋ ಎಡಕ್ಕೋ ಬಿದ್ದು ಅಪ್ಪಣೆ ಆದ ಹಾಗೆ ಎಂದು ಕೆಲಸದವರು ಅದಕ್ಕೆ ಕಾಕಾರ ಪ್ರಸಾದ ಎನ್ನುತ್ತಿದ್ದರು. "ಪ್ರಸಾದ ಆತೇನ್ರಿ ಕಾಕಾ? ಬಲಕ್ಕೋ, ಎಡಕ್ಕೋ?" ಎಂದು ಮೇಸ್ತ್ರಿ ಕೇಳುವುದು, "ನಿನ್ನ ತಲಿ ಮ್ಯಾಲ ಆತು, ಹೋಗು, ಕುಂಕುಮದ್ದು ಇಳಸು" ಎಂದು ಇವರು ಹೇಳುವುದು, ಇದು ಅಲ್ಲಿಯ ದಿನನಿತ್ಯದ ತಮಾಷೆ.

ಆ ವರ್ಷ ಮಳೆಗಾಲದ ಮೊದಲಿಗೆ ಕೃಷ್ಣೆಯ ಲಾಂಚಿನ ಪಂಖಾ ಕಳಚಿಕೊಂಡು ಹೊಳೆಯ ಪಾಲಾಯಿತು. ಈ ದಂಡೆಯಿಂದ ತುಬಚಿಯ ಕಡೆಗೆ ಜನರನ್ನು ದಾಟಿಸುವ ಲಾಂಚು ಅದು. ನಡೆಸುವವನು ಯಲ್ಲಪ್ಪ, ಅಂಬಿಗರವನು. ಹುಟ್ಟು ಹಾಕುವ ನಾವೆ ಬಿಟ್ಟು ಇಂಜಿನ್ ಹಿಡಿದು ಬಹಳ ವರ್ಷವಾಗಿದ್ದವನು. ಗುತ್ತಿಗೆದಾರ ಆಳು ಕಳಿಸಿ, ಅದೇ ಅಳತೆಯ ಬಲ ಪಂಖಾ ಬೇಕೆಂದು ಹೇಳಿಸಿದ. ಮೌನೇಶಪ್ಪನವರು ಆ ವಾರ ಬೀಳಗಿಯಲ್ಲಿ ಬೀಗರ ಮನೆಯಲ್ಲಿದ್ದರು. ಅವರ ತಮ್ಮ ಗಂಗಾಧರರು ಆಳಿನ ಮಾತು ಕೇಳಿ ಮೇಸ್ತ್ರಿಗೆ, "ಬಲ ಪಂಖಾ ಒಂದು, ಲಗೂನ ಆಗಬೇಕು" ಎಂದರು.

ಗಂಗಾಧರರು ಪುಣೆಯಲ್ಲಿ ಇಂಜಿನಿಯರಿಂಗ್ ಓದಿ ಬಂದವರು. ಓದಿ ಬಂದ ಮೇಲೆ ಪಂಖಾದ ಮಾತು ಬಂದಾಗ ಅವರ ಬಾಯಲ್ಲಿ ಬಲ ಎಂದರೆ ಲೋಕದ ಬಲವೇ. ಮೇಸ್ತ್ರಿಯ ಕಿವಿಯಲ್ಲಿ ಬಲ ಎಂದರೆ ಆ ಮನೆಯ ಬಲ. ಹೇಳಿದವರು ಸರಿಯಾಗಿಯೇ ಹೇಳಿದರು, ಕೇಳಿದವನು ಸರಿಯಾಗಿಯೇ ಕೇಳಿದ. ಅರಿಶಿನದ ಅಚ್ಚು ಇಳಿಯಿತು.

ಪಂಖಾ ಕೂಡಿಸಿ ಲಾಂಚನ್ನು ನೀರಿಗಿಳಿಸಿದ ದಿನ ಮೌನೇಶಪ್ಪನವರು ಬೀಳಗಿಯಿಂದ ಬಂದವರು ನೇರ ಹೊಳೆಗೇ ಬಂದರು. ಕೂಡಿಸಿದ್ದು ಹೇಗಾಗಿದೆ ನೋಡಿ ಎಂದು ನನ್ನನ್ನೂ ಕರೆದಿದ್ದರು. ಇಂಜಿನ್ ಶುರುವಾಯಿತು. ಯಲ್ಲಪ್ಪ ಗೇರಿನ ದಾಂಡನ್ನು ಮುಂದಕ್ಕೆ ಒತ್ತಿದ. ಅದು ಮುಂದೆ ಹೋಗುವ ಗೇರು. ಲಾಂಚು ಹಿಂದಕ್ಕೆ ಬಂತು. ಬಂದು, ದಂಡೆಯಲ್ಲಿ ಮೈ ತೊಳೆಸಿಕೊಳ್ಳುತ್ತಿದ್ದ ಒಂದು ಎಮ್ಮೆಗೆ ಬಾಲದ ಹತ್ತಿರ ತಾಗಿತು. ಎಮ್ಮೆ ತಿರುಗಿ ನೋಡಿದ ರೀತಿಗೆ ದಂಡೆಯ ಮೇಲಿದ್ದವರೆಲ್ಲ ನಕ್ಕರು.

"ಯಲ್ಲಪ್ಪಾ, ನಿನ್ನ ನಾವಿ ಸಿಟ್ಟಾಗೇತೋ, ತವರಿಗೆ ಹೊಂಟತಿ" ಎಂದರು ಯಾರೋ.

ಮೌನೇಶಪ್ಪನವರೂ ನಕ್ಕರು. ಅದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಅಂಗೈಗಳನ್ನು ಎದೆಯ ಮುಂದೆ ತಂದು ಹೊರಳಿಸಿ ನೋಡಿದರು, ನಗು ನಿಂತಿತು. "ಗಂಗಾ, ಇದು ಅರಿಶಿನದ್ದು" ಎಂದರು.

ಹೊಸದು ಎರಕ ಹೊಯ್ದು, ತಿಕ್ಕಿ, ಲಾಂಚನ್ನು ಮತ್ತೆ ದಂಡೆಗೆ ಎಳೆದು ಕೂಡಿಸುವುದಕ್ಕೆ ದಿನಗಳು ಬೇಕು. ಪಂಚಮಿ ಹತ್ತಿರ ಬಂದಿತ್ತು. ಹೊಳೆ ಏರುತ್ತಿತ್ತು, ಹುಟ್ಟು ಹಾಕುವ ನಾವೆಗಳು ಸೆಳವಿಗೆ ನಿಲ್ಲುವ ಹಾಗಿರಲಿಲ್ಲ. ತವರಿಗೆ ಹೋಗುವ ಹೆಣ್ಣುಮಕ್ಕಳೆಲ್ಲ ಈ ಲಾಂಚನ್ನೇ ನೆಚ್ಚಿದ್ದರು. ದಾಂಡು ಗೇರಿನ ಪೆಟ್ಟಿಗೆಯ ನೆತ್ತಿಯ ಮೇಲೇ ಕೂತಿತ್ತು. ಅದನ್ನು ಹೊರಳಿಸಿ ಕೂಡಿಸಲು ಬರುತ್ತಿರಲಿಲ್ಲ.

ಗಂಗಾಧರರು, "ಹಬ್ಬ ಆಗೂತನಕ ಉಲ್ಟಾ ಹಿಡದ್ರಾತು. ಮುಂದ ಹೋಗಬೇಕಂದ್ರ ದಾಂಡು ಹಿಂದಕ್ಕ ಎಳಿ, ಹಿಂದ ಬರಬೇಕಂದ್ರ ಮುಂದಕ್ಕ ಒತ್ತು. ತಿಳೀತಿಲ್ಲೋ ಯಲ್ಲಪ್ಪ?" ಎಂದರು.

"ಏನ್ ಮಹಾ ಮಾತ್ರೀ. ಎಡಗೈಲೆ ಉಂಡ್ರ ಹೊಟ್ಟಿ ತುಂಬೂದಿಲ್ಲೇನು?" ಎಂದು ಯಲ್ಲಪ್ಪ ನಕ್ಕ. ಅಲ್ಲೇ ಒಂದು ಸುತ್ತು ಉಲ್ಟಾ ನಡೆಸಿ ತೋರಿಸಿದ. ಚೆನ್ನಾಗಿಯೇ ನಡೆಸಿದ.

ಎಲ್ಲರೂ ಮೌನೇಶಪ್ಪನವರ ಮುಖ ನೋಡಿದರು. ಅವರು ಸ್ವಲ್ಪ ಹೊತ್ತು ನೀರನ್ನೇ ನೋಡಿ, "ಹಬ್ಬ ಆದ ಮರುದಿನಾನ ಬದಲ ಮಾಡಬೇಕು" ಎಂದರು. ಅಷ್ಟೇ.

ಪಂಚಮಿಗೆ ಸಾಲೆ ಸೂಟಿ ಬಿಟ್ಟಾಗ ನಾನು ತುಬಚಿಯಲ್ಲಿದ್ದ ಸ್ನೇಹಿತರ ಮನೆಗೆ ಹೊರಟು ಅದೇ ಲಾಂಚು ಹತ್ತಿದೆ. ಮಧ್ಯಾಹ್ನದ ಹೊತ್ತು, ಮಳೆ ನಿಂತಿತ್ತು. ಲಾಂಚಿನ ತುಂಬ ಹೊಸ ಸೀರೆಗಳು. ನನ್ನ ಎದುರಿಗೆ ಶಾಂತವ್ವ ಎಂಬ ಹುಡುಗಿ ಕುಳಿತಿದ್ದಳು. ಲಗ್ನವಾದ ಮೇಲೆ ಮೊದಲ ಪಂಚಮಿ, ಮಡಿಲಲ್ಲಿ ಉಂಡಿಯ ಡಬ್ಬಿ. ಆಚೆ ದಂಡೆ ಹತ್ತಿರವಾದಾಗ ಎದ್ದು ಮೂತಿಯ ಹತ್ತಿರ ಹೋಗಿ ನಿಂತಳು. ಅವಳ ಅಣ್ಣ ರಾಮಪ್ಪ ಹಗ್ಗ ಹಿಡಿಯುವುದಕ್ಕೆಂದು ಕಲ್ಲಿನ ಮೆಟ್ಟಿಲಿಳಿದು ಮೊಳಕಾಲು ನೀರಿನಲ್ಲಿ ನಿಂತಿದ್ದ.

"ಏ ಅಣ್ಣಾ, ಧೋತರ ತೋಸ್ಕೊಂಡೆಲ್ಲೋ, ಅವ್ವ ಬೈತಾಳ ನೋಡು" ಎಂದು ಕೂಗಿದಳು.

"ನೀ ಮೊದಲ ಡಬ್ಬಿ ಗಟ್ಟಿ ಹಿಡಕೋ. ನೀ ಬಿದ್ರ ನಡೀತೈತಿ, ಉಂಡಿ ಬೀಳಬಾರದು" ಎಂದು ಅವನು ಅಂದ. ಲಾಂಚಿನಲ್ಲಿದ್ದ ಹೆಂಗಸರು ನಕ್ಕರು. ಮಾತು ಮುಗಿಸಿ ಯಲ್ಲಪ್ಪನ ಆಳು ಎಸೆದ ಹಗ್ಗವನ್ನು ಹಿಡಿದುಕೊಂಡ.

ನಾನು ಇಂಜಿನ್ನಿನ ಪಕ್ಕದ ಹಲಗೆಯ ಮೇಲಿದ್ದೆ. ಯಲ್ಲಪ್ಪನ ಕೈ ನನಗೆ ನೇರವಾಗಿ ಕಾಣುತ್ತಿತ್ತು. ಅವನು ದಾಂಡನ್ನು ನಡುವಿಗೆ ತಂದ. ಇಂಜಿನ್ನಿನ ಎಳೆತ ನಿಂತಿತು. ಆದರೆ ಆ ದಿನ ಸೆಳವು ದಂಡೆಯ ಕಡೆಗೆ ತಿರುಗಿತ್ತು, ಲಾಂಚು ನಿಲ್ಲಲಿಲ್ಲ. ಮೆಟ್ಟಿಲು ಬೇಗ ಹತ್ತಿರ ಬಂತು. "ಹಿಂದಕ್ಕ, ಯಲ್ಲಪ್ಪಾ, ಹಿಂದಕ್ಕ ತಗೋ" ಎಂದು ದಂಡೆಯಿಂದ ಯಾರೋ ಕೂಗಿದರು. ಯಲ್ಲಪ್ಪ ದಾಂಡನ್ನು ಹಿಂದಕ್ಕೆ ಎಳೆದ. ವರ್ಷಗಟ್ಟಲೆ ಎಳೆದ ಹಾಗೆ, ಮೈಯ ಭಾರ ಹಾಕಿ ಎಳೆದ. ಲಾಂಚು ಮುಂದಕ್ಕೆ ಹಾರಿತು.

ರಾಮಪ್ಪನ ಎದೆ ಲಾಂಚಿಗೂ ಕಲ್ಲಿಗೂ ನಡುವೆ ಸಿಕ್ಕಿತು. ಅವನು ಕೂಗಲಿಲ್ಲ. ಶಾಂತವ್ವನ ಮುಖದ ಮೇಲೆ ಇನ್ನೂ ನಗು ಇತ್ತು. ಆದದ್ದು ಅವಳಿಗೆ ತಿಳಿಯುವುದಕ್ಕೆ ಒಂದು ಕ್ಷಣ ಬೇಕಾಯಿತು, ಆ ಕ್ಷಣವನ್ನು ನಾನು ನೋಡಿದೆ. ತಿರುಗಿದರೆ ಯಲ್ಲಪ್ಪ ಇನ್ನೂ ಎಳೆಯುತ್ತಲೇ ಇದ್ದ. ಇಷ್ಟು ಎಳೆದರೂ ಇದು ಯಾಕೆ ಹಿಂದೆ ಬರುತ್ತಿಲ್ಲ ಎಂಬ ಆಶ್ಚರ್ಯ ಬಿಟ್ಟರೆ ಅವನ ಮುಖದಲ್ಲಿ ಬೇರೇನೂ ಇರಲಿಲ್ಲ. ಯಾರೋ ಹಾರಿ ಬಂದು ಇಂಜಿನ್ ಬಂದ್ ಮಾಡಿದರು. ಅಷ್ಟರಲ್ಲಿ ರಾಮಪ್ಪನ ಜೀವ ಹೋಗಿತ್ತು.

ಅದೇ ಸಂಜೆ ಪೊಲೀಸರು, ಆಳಿನ ಕೈಯಲ್ಲಿ ಲಾಂಚು ನಡೆಸಿ, ಯಲ್ಲಪ್ಪನನ್ನು ಜಮಖಂಡಿಗೆ ಒಯ್ದರು. ನಾನೂ ಅದರಲ್ಲೇ ಈ ದಂಡೆಗೆ ಮರಳಿದೆ. ದಾಂಡು ಉಲ್ಟಾ ಎಂದು ಅವನಿಗೆ ಮೊದಲೇ ಹೇಳಿದ್ದರು, ಎಲ್ಲರ ಎದುರಿಗೆ ಹೇಳಿದ್ದರು, ಅವನು ಒಪ್ಪಿಕೊಂಡಿದ್ದ. ಊರೂರಿನಲ್ಲಿ ಒಂದೇ ಮಾತಾಯಿತು: ಕುಡಿದಿದ್ದ. ಅವನು ಕುಡಿಯುವವನಲ್ಲ. ಅವನ ಹೆಂಡತಿ ಮಕ್ಕಳು ನೀರಿಗೆ ಹೋದರೆ ಬಾವಿಯ ಹತ್ತಿರ ಜನ ಮಾತು ನಿಲ್ಲಿಸುತ್ತಿದ್ದರು.

ಮರುದಿನ ನಾನು ರಬಕವಿಗೆ ಹೋದೆ. ಹಬ್ಬಕ್ಕೆಂದು ಕಾರ್ಖಾನೆ ಬಂದಾಗಿತ್ತು. ಅಣ್ಣ ತಮ್ಮ ಇಬ್ಬರೇ ಭಟ್ಟಿಯ ಹತ್ತಿರ ಕುಳಿತಿದ್ದರು. ಮೌನೇಶಪ್ಪನವರು ನನ್ನನ್ನು ಕೂಡಿಸಿ, ಮೊದಲಿನಿಂದ ಎಲ್ಲ ಹೇಳಿಸಿದರು. ಮುಗಿದ ಮೇಲೆ ಮತ್ತೊಮ್ಮೆ ಕೇಳಿದರು: "ಅಂವ ದಾಂಡು ಎಳದನೋ, ಒತ್ತಿದನೋ?"

"ಎಳೆದ."

"ನೋಡೀರಿ ನೀವು?"

"ನೋಡೇನ್ರಿ."

"ಅಂದ್ರ ಅಂವ ಹಿಂದ ತರಬೇಕಂತನ ಎಳದಾನ" ಎಂದು ತಲೆ ಹಿಡಿದುಕೊಂಡರು. ಆಮೇಲೆ, "ನಾ ಮಾಮಲೇದಾರರ ಮುಂದ ಹೇಳತೇನಿ" ಎಂದರು.

ಗಂಗಾಧರರು ಕೆಟ್ಟವರಲ್ಲ. ಹಿಂದಿನ ದಿನದಿಂದ ಅವರು ಅನ್ನ ಮುಟ್ಟಿರಲಿಲ್ಲ. ಆದರೂ ಹೇಳಿದರು: "ಏನಂತ ಹೇಳತಿ ಅಣ್ಣಾ? ಅವಗ ಹೇಳಿದ್ದಿವಿ. ಅಂವ ಹೂಂ ಅಂದಾನ."

"ಅಂವ ಹೂಂ ಅಂದಾನ. ಅವನ ಕೈ ಅಂದಿಲ್ಲ."

"ಕೈಗೆ ಬ್ಯಾರೆ ಬಾಯಿ ಇರತೈತೇನು?"

"ಇರತೈತಿ. ನಿನ್ನಿ ಮಾತಾಡಿತಲ್ಲ."

ಗಂಗಾಧರರು ಎದ್ದು ನಿಂತರು. "ನಾವು ಅರಿಶಿನದ್ದು ಕುಂಕುಮದ್ದು ಅದಲ ಬದಲ ಮಾಡಿದ್ವಿ ಅಂತ ಮುಂಬಯಿಯವರ ಕಿವಿಗೆ ಬಿದ್ರ, ನಾಳೆಯಿಂದ ಒಂದು ಪಂಖಾ ಈ ಬಾಗಲಾ ದಾಟೂದಿಲ್ಲ. ಅಜ್ಜನ ಕಾಲದ್ದು ಇದು. ಯಲ್ಲಪ್ಪಗ ಬೇಕಾದ್ರ ಛಲೋ ವಕೀಲರನ್ನ ಹಿಡದು ಕೊಡೂಣು. ನಾವು ಸುಮ್ಮಕಿರೂಣು."

"ಅಜ್ಜನ ಕಾಲದ್ದು ಅಂತನ ಹೇಳಬೇಕಾಗೇತಿ ಗಂಗಾ. ಆ ಮಾತು ಅಜ್ಜಂದು. ಮನಿ ಒಳಗ ಇರೂ ಮಾತು. ನಾನೂ ನೀನೂ ಅದನ್ನ ಹೊಳ್ಯಾಗ ಬಿಟ್ಟಿವಿ."

"ನಾ ಬಿಟ್ಟೆ ಅನ್ನು. ನೀ ಬೀಳಗ್ಯಾಗ ಇದ್ದಿ."

"ಪಂಖಾ ಮಾಡೂವಾಗ ಬೀಳಗ್ಯಾಗ ಇದ್ದೆ. ನಗೂವಾಗ ಇಲ್ಲೇ ಇದ್ದೆ."

ಗಂಗಾಧರರು ಅಣ್ಣನ ಕಾಲ ಬಳಿ ಕುಳಿತು ಅತ್ತರು. ನಾನು ಎದ್ದು ಹೊರಗೆ ಬಂದೆ. ಹೊರಗೆ ಮಗ್ಗಗಳೂ ನಿಂತಿದ್ದವು. ಆ ರಸ್ತೆಯನ್ನು ನಾನು ಅಷ್ಟು ಸದ್ದಿಲ್ಲದೆ ಯಾವತ್ತೂ ಕಂಡಿರಲಿಲ್ಲ.

ವಿಚಾರಣೆ ಹೊಳೆಯ ಹತ್ತಿರದ ಊರಿನ ಚಾವಡಿಯಲ್ಲಿ ನಡೆಯಿತು. ಯಲ್ಲಪ್ಪನನ್ನು ಕರೆತಂದು ಕಂಬದ ಹತ್ತಿರ ಕೂಡಿಸಿದ್ದರು. ಶಾಂತವ್ವ ಮಾವನ ಜೊತೆ ಬಂದು ಕಟ್ಟೆಯ ಅಂಚಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕುಳಿತಿದ್ದಳು. ಮೊದಲು ನನ್ನನ್ನು ಕೇಳಿದರು. ಕಂಡದ್ದನ್ನು ಹೇಳಿದೆ. ಕುಡಿದಿದ್ದನೇ ಎಂದರು. ನಾನು ಅವನಿಂದ ಒಂದು ಮೊಳದ ದೂರದಲ್ಲಿದ್ದೆ, ವಾಸನೆ ಇರಲಿಲ್ಲ ಎಂದೆ. ಆಮೇಲೆ ಮೌನೇಶಪ್ಪನವರು ಯಾರೂ ಕರೆಯದೆ ಎದ್ದು ನಿಂತು, ಪಂಖಾ ತಪ್ಪಿದ ಬಗೆ ಹೇಳಿದರು.

ಮಾಮಲೇದಾರರು ಮರಾಠಿ ಮನೆಮಾತಿನವರು, ಸಮಾಧಾನಿ. ಎರಡು ಸಲ ಕೇಳಿಯೂ ಅವರಿಗೆ ತಿಳಿಯಲಿಲ್ಲ. "ಬಲ ಅಂದ್ರ ಬಲ. ಇದರಾಗ ಎರಡು ಬಲ ಎಲ್ಲಿಂದ ಬಂದ್ವು?" ಎಂದರು.

"ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಬಲಗೈ ಎತ್ತರಿ."

ಮಾಮಲೇದಾರರು ಎತ್ತಿದರು.

"ನಾ ನಿಮ್ಮ ಎದುರಿಗೆ ನಿಂತೇನಿ. ನನಗ ಅದು ಯಾವ ಕಡೆ ಆತ್ರಿ?"

"ನಿಮ್ಮ ಎಡಕ್ಕ."

"ಆದ್ರೂ ಅದು ನಿಮ್ಮ ಬಲಗೈನ ಅಲ್ಲೇನ್ರಿ? ನಾವು ಪಂಖಾಕ್ಕೂ ಹಂಗ ಅಂತೀವಿ. ಊರೆಲ್ಲಾ ಅನ್ನೂದು ಬ್ಯಾರೆ. ಇದು ನಮ್ಮ ಕಾರ್ಖಾನಿ ತಪ್ಪು."

ಮಾಮಲೇದಾರರು ತಮ್ಮ ಕೈಯನ್ನು ಒಂದು ಕ್ಷಣ ನೋಡಿಕೊಂಡು ಇಳಿಸಿದರು. ಚಾವಡಿಯಲ್ಲಿ ಯಾರೂ ನಗಲಿಲ್ಲ.

"ಇದು ಒಂದ ಆತ್ರಿ. ಇನ್ನೊಂದೈತಿ, ಅದನ್ನ ನೀವು ಕೇಳಿಲ್ಲ" ಎಂದರು ಮೌನೇಶಪ್ಪನವರು. ದನಿ ಸ್ವಲ್ಪ ಕುಗ್ಗಿತ್ತು. "ಲಾಂಚ ಉಲ್ಟಾ ಬಂದಾಗ ನಾ ದಂಡಿ ಮ್ಯಾಲ ಇದ್ದೆ. ನಕ್ಕೆ. ತಪ್ಪು ತಿಳದ ಮ್ಯಾಲೂ ಬಿಚ್ಚಸ್ರಿ ಅನಲಿಲ್ಲ. ಹಬ್ಬ ಆಗಲಿ ಅಂದೆ. ಯಲ್ಲಪ್ಪನ ಕೈ ಇಷ್ಟು ವರ್ಷ ಸರಿ ಇತ್ತು. ಅದನ್ನ ಉಲ್ಟಾ ಮಾಡಿದವರು ನಾವು. ಅವನ್ನ ಬಿಡ್ರಿ."

ಆಗ ಯಲ್ಲಪ್ಪ ಮೊದಲ ಸಲ ಬಾಯಿ ತೆರೆದ. "ಕೈ ನಂದ ಇತ್ತಲ್ರಿ ಕಾಕಾ" ಎಂದ.

ಮಾಮಲೇದಾರರು ಶಾಂತವ್ವನ ಕಡೆ ತಿರುಗಿ, ನಿನ್ನದೇನಾದರೂ ಹೇಳುವುದಿದೆಯೇನವ್ವಾ ಎಂದು ಕೇಳಿದರು. ಅವಳು ಎದ್ದು ನಿಂತಳು. ಆಮೇಲೆ ಯಲ್ಲಪ್ಪನಿಗೆ, "ಯಣ್ಣಾ, ನೀ ಮನಿಗೆ ಹೋಗು. ಮಕ್ಕಳು ಹಾದಿ ನೋಡತಿರತಾವು" ಎಂದಳು. ಯಲ್ಲಪ್ಪ ಕಂಬಕ್ಕೆ ಹಣೆ ಹಚ್ಚಿದ.

ಅವಳು ಹೋಗುವ ದಾರಿಯಲ್ಲಿ ಮೌನೇಶಪ್ಪನವರು ಕೈಮುಗಿದು ನಿಂತಿದ್ದರು. ಬೈಯಲಿ, ಉಗುಳಲಿ, ಏನಾದರೂ ಆಗಲಿ ಎಂಬ ಹಾಗೆ ತಲೆ ಬಾಗಿಸಿದ್ದರು. ಅವಳು ಅವರ ಮುಂದೆ ನಿಂತಳು. ಏನೂ ಅನ್ನಲಿಲ್ಲ. ಬದಿಗೆ ಸರಿದು ನಡೆದುಬಿಟ್ಟಳು. ಅವಳು ರಸ್ತೆ ತಿರುಗುವವರೆಗೆ ಅವರು ಮುಗಿದ ಕೈ ಬಿಡಲಿಲ್ಲ.

ಯಲ್ಲಪ್ಪ ಬಿಡುಗಡೆಯಾದ. ಲಾಂಚಿಗೆ ಕುಂಕುಮದ ಪಂಖಾ ಕೂಡಿಸಿಕೊಟ್ಟರು. ಗಂಗಾಧರರು ಹೇಳಿದ್ದೂ ಸುಳ್ಳಾಗಲಿಲ್ಲ. ಮುಂಬಯಿಯ ಭಾಗೀದಾರರು ಹಿಂದೆ ಸರಿದರು. ಕುಡಚಿಗೆ ಬಂಡಿ ಹೋಗುವುದು ಕಡಿಮೆಯಾಗಿ, ಕೊನೆಗೆ ನಿಂತಿತು. ಮುಂದಿನ ವರ್ಷ ಗಂಗಾಧರರು ಅಚ್ಚುಗಳನ್ನೂ ಉಳಿದ ಕೊಂಕಣದ ಗಿರಾಕಿಗಳನ್ನೂ ಕಟ್ಟಿಕೊಂಡು ಸಾಂಗಲಿಗೆ ಹೋಗಿ ಬೇರೆ ಕಾರ್ಖಾನೆ ಹಾಕಿದರು. ಜಗಳವಾಗಿರಲಿಲ್ಲ. ಹೊರಡುವ ದಿನ ಅಣ್ಣನ ಪಾದ ಮುಟ್ಟಿ ಹೋದರು. ಆಮೇಲೆ ಮಾತು ಮಾತ್ರ ಇರಲಿಲ್ಲ. ಮೌನೇಶಪ್ಪನವರು ಬನಹಟ್ಟಿಯ ಮಗ್ಗಗಳಿಗೆ ಹಲ್ಲಿನ ಗಾಲಿ, ಮಹಾಲಿಂಗಪುರದ ಗಾಣಗಳಿಗೆ ಉರುಳೆ ಎರಕ ಹೊಯ್ಯುತ್ತ ಉಳಿದರು. ಮನೆಯಲ್ಲಿ ಎಡ ಬಲ ಅನ್ನುವುದನ್ನೇ ಬಿಡಿಸಿದ್ದರು. ತಂಬಗಿ ಎಲ್ಲಿದೆ ಎಂದರೆ, "ಕಿಟಕಿ ಕಡೆ" ಎನ್ನುತ್ತಿದ್ದರು, "ರಸ್ತಾ ಕಡೆ" ಎನ್ನುತ್ತಿದ್ದರು. ಚಹಾಕ್ಕೆ ಯಾರೂ ಉಪ್ಪು ಹಾಕುತ್ತಿರಲಿಲ್ಲ. ಆ ಮನೆಯಲ್ಲಿ ನಗುವುದಕ್ಕೆ ಬೇರೆ ಕಾರಣ ಹುಟ್ಟಲೂ ಇಲ್ಲ.

ನಾವು ಮೈಸೂರಿಗೆ ಸೇರುತ್ತೇವೆ ಎಂದು ಎಲ್ಲೆಡೆ ಮಾತು ನಡೆದಿದ್ದ ದಿನಗಳಲ್ಲಿ ನನಗೆ ಧಾರವಾಡಕ್ಕೆ ವರ್ಗವಾಯಿತು. ಹೇಳಿ ಹೋಗಲು ಹೋದೆ. ಅವರು ಅಂಗಳದಲ್ಲಿ ಕುಳಿತಿದ್ದರು. ಸಣ್ಣಗಾಗಿದ್ದರು.

"ಯಲ್ಲಪ್ಪ ಲಾಂಚ ನಡಸಾಕತ್ತಾನೇನ್ರಿ?"

"ನಡಸಾಕತ್ತಾನ್ರಿ. ಮೊದಲ ಒಲ್ಲೆ ಅಂತಿದ್ದ, ಈಗ ನಡಸತಾನ."

"ಮಂದಿ ಹತ್ತತಾರ?"

"ಹತ್ತತಾರ. ಹೋದ ವಾರ ನಾನೂ ಹತ್ತಿದ್ದೆ."

ಅವರು ಕಣ್ಣು ಮುಚ್ಚಿ, "ಆತು ಹಂಗಾದ್ರ" ಎಂದರು. ಆಮೇಲೆ ಕೇಳಿದರು: "ಆ ಹುಡುಗಿ?"

"ಗೊತ್ತಿಲ್ರಿ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

"ಆಕಿ ನನಗ ಒಂದು ಮಾತು ಬೈಲಿಲ್ಲ ನೋಡ್ರಿ ಮಾಸ್ತರ. ಬೈದಿದ್ರ ಹೊತಗೊಂಡು ಮನಿಗೆ ಬರತಿದ್ದೆ. ಇನ್ನೂ ಅಲ್ಲೇ ನಿಂತೇನಿ ಅನಸತೈತಿ." ನಾನು ಎದ್ದಾಗ ಬಾಗಿಲವರೆಗೆ ಬಂದರು. "ಆಕಿ ಸುದ್ದಿ ತಿಳದ್ರ ತಿಳಸ್ರಿ" ಎಂದರು. ಅದೇ ಅವರಾಡಿದ ಕೊನೆಯ ಮಾತು, ನನ್ನೊಂದಿಗೆ.

ಅವರು ತೀರಿಕೊಂಡದ್ದು ನನಗೆ ಧಾರವಾಡದಲ್ಲಿ, ತಡವಾಗಿ ತಿಳಿಯಿತು. ಕೆಲವು ವರ್ಷಗಳ ಮೇಲೆ ಶ್ರಾವಣದಲ್ಲಿ ತುಬಚಿಯ ಸ್ನೇಹಿತರನ್ನು ನೋಡಲು ಹೋದಾಗ ಮತ್ತೆ ಯಲ್ಲಪ್ಪನ ಲಾಂಚು ಹತ್ತಿದೆ. ಅವನ ತಲೆ ಬೆಳ್ಳಗಾಗಿತ್ತು. ಇಂಜಿನ್ನಿನ ಪಕ್ಕದ ಹಲಗೆಯ ಮೇಲೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ಹೆಣ್ಣುಮಗಳು ಕುಳಿತಿದ್ದಳು.

"ಗುರ್ತ ಹಿಡದ್ರೇನ್ರಿ ಮಾಸ್ತರ?" ಎಂದ ಯಲ್ಲಪ್ಪ. "ರಾಮಪ್ಪನ ತಂಗಿ. ವರ್ಷಾ ಪಂಚಮಿಗೆ ನನ್ನ ಲಾಂಚಿನಾಗ ತವರಿಗೆ ಹೋಗತಾಳ. ಬ್ಯಾರೆ ನಾವಿ ಹತ್ತೂದಿಲ್ಲ."

ಶಾಂತವ್ವ ನನ್ನನ್ನು ನೋಡಿ ಗುರುತು ಹಿಡಿದಳು. ಹೊಳೆಯ ನಡುವೆ ಬಂದಾಗ ಕೇಳಿದಳು: "ಆ ಕಾಕಾ ಅದಾರೇನ್ರಿ? ರಬಕವಿಯವರು?"

"ಇಲ್ಲವ್ವ. ಹೋದರು."

ಅವಳು ಮಗುವಿನ ಟೊಪ್ಪಿಗೆ ಸರಿಮಾಡಿದಳು. "ಅವತ್ತ ಚಾವಡ್ಯಾಗ ನನ್ನ ಮುಂದ ಕೈಮುಗದು ನಿಂತಿದ್ರು."

"ಹೌದು."

"ಬೈಬೇಕಂತನ ನಿಂತೆರಿ. ಬಾಯಿ ತಗದ್ರ ಅಳು ಬರತೈತಿ, ಇಷ್ಟು ಮಂದಿ ಮುಂದ ಅಳಬಾರದು ಅಂತ ಹಂಗ ಹೋದೆ. ಏನರ ಒಂದು ಅನಬೇಕಾಗಿತ್ತು ಅಂತ ಆಮ್ಯಾಲ ಅನಿಸಿತು. ಮುದುಕ ಮನಿಶಾ. ಈ ಸಲ ಹೊಳ್ಳಿ ಹೋಗೂವಾಗ ಅವರ ಮನಿಗೆ ಹೋಗಿ ಬರೂಣು ಅಂತಿದ್ದೆ."

ಕೊನೆಯ ಸಲ ಅವರು ಇವಳ ಸುದ್ದಿ ಕೇಳಿದ್ದನ್ನು ಹೇಳಬೇಕೆಂದು ನಾನು ಬಾಯಿ ತೆರೆದೆ. ಆಚೆಯ ಕಲ್ಲಿನ ಮೆಟ್ಟಿಲು ಕಾಣಿಸುತ್ತಿತ್ತು. ಯಲ್ಲಪ್ಪ ಎದ್ದು ನಿಂತು, ಎರಡೂ ಕೈಯಿಂದ ದಾಂಡು ಹಿಡಿದ.

"ದಂಡಿ ಬಂತ್ರಿ" ಎಂದ. "ಇನ್ನ ಯಾರೂ ಮಾತಾಡಬ್ಯಾಡ್ರಿ."

ಲಾಂಚಿನಲ್ಲಿದ್ದವರೆಲ್ಲ ಮಾತು ನಿಲ್ಲಿಸಿದರು. ನಾನೂ ಸುಮ್ಮನಾದೆ. ಶಾಂತವ್ವ ಮಗುವನ್ನು ಎದೆಗೆ ಒತ್ತಿಕೊಂಡು ಯಲ್ಲಪ್ಪನ ಕೈಗಳನ್ನೇ ನೋಡುತ್ತ ಕುಳಿತಿದ್ದಳು.